ಮಗನಿಗೆ ಹೇಳದೆ ಉಳಿದ ಮಾತು

"ನನ್ನ ಮಗಂದು ಲಗ್ನ ಆಗೇತ್ರಿ."

ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದ ಪೊಲೀಸ್ ಗೊಲ್ಲಾಳಪ್ಪನ ಕೈ ಅಲ್ಲಿಯೇ ನಿಂತಿತು. ತೊಡೆಯ ಮೇಲಿನ ಹಾಳೆಯಲ್ಲಿ ಆಗಲೇ ಬಹುತೇಕ ಎಲ್ಲ ಬರೆದಾಗಿತ್ತು. ಹೆಸರು ಕುನಾಲ, ತಂದೆ ಶಾಂತಪ್ಪ, ವಯಸ್ಸು ಇಪ್ಪತ್ತು, ಊರು ತಿಕೋಟಾ. ಸೈನ್ಯಕ್ಕೆ ಆಯ್ಕೆಯಾದ ಹುಡುಗ ಎಂಥವನು, ಜಗಳ ಕೇಸು ಏನಾದರೂ ಇವೆಯೇ ಎಂದು ಓಣಿಯಲ್ಲಿ ನಾಲ್ಕು ಮನೆ ಕೇಳಿ, ಕೊನೆಗೆ ಅವನು ಹುಡುಗನ ಮನೆಗೇ ಬಂದಿದ್ದ. ಎಲ್ಲರೂ ಒಳ್ಳೆಯ ಮಾತೇ ಆಡಿದ್ದರು. ಲಗ್ನ ಆಗಿಲ್ಲಲ್ಲ ಎಂದು ಅವನು ಕೇಳಿದ್ದು ಬರೀ ಪದ್ಧತಿಗೆ.

ಲಗ್ನವಾದ ಹುಡುಗರನ್ನು ಈ ಭರ್ತಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಅದು ಗೊಲ್ಲಾಳಪ್ಪನಿಗೂ ಗೊತ್ತು, ಹುಡುಗನ ತಾಯಿ ಪರಸವ್ವನಿಗೂ ಗೊತ್ತು. ಅರ್ಜಿ ತುಂಬುವ ದಿನ ಕುನಾಲನೇ ಅದನ್ನು ಓದಿ ಹೇಳಿ ನಕ್ಕಿದ್ದ.

"ಯಾವಾಗ ಆತ್ರಿ ಯವ್ವಾ ಲಗ್ನ?"

"ಅವಗ ಎರಡು ವರ್ಷ ಇದ್ದಾಗ್ರಿ. ಕನಮಡಿಯಾಗ, ನಮ್ಮ ಅಣ್ಣನ ಮಗಳು ಮಾಲಾನ ಜೋಡಿ. ತೊಟ್ಟಿಲದಾಗ."

ಗೊಲ್ಲಾಳಪ್ಪ ಮೊದಲು ನಗಬೇಕೆಂದುಕೊಂಡ. ಆಕೆಯ ಮುಖ ನೋಡಿ ನಗಲಿಲ್ಲ. ಆಗ ಒಳಗಿನಿಂದ ಪರಸವ್ವನ ಅತ್ತೆ ಚಂದ್ರಾಬಾಯಿ ಸೆರಗು ತಲೆಗೆಳೆದುಕೊಳ್ಳುತ್ತ ಹೊರಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ, ನಾಲಿಗೆ ಮಾತ್ರ ಇನ್ನೂ ಹರೆಯದ್ದು. ಸೊಸೆ ಹಗಲು ಅಂದರೆ ರಾತ್ರಿ ಅನ್ನುವವಳು ಆ ದಿನ, ಹೌದು, ಕರಿಮಣಿಯ ದಾರ ಕಟ್ಟಿಸಿದವಳು ತಾನೇ, ಬೇಕಿದ್ದರೆ ತನ್ನ ಹೆಸರನ್ನೂ ಬರೆದುಕೊಳ್ಳಲಿ ಎಂದಳು.

ಗೊಲ್ಲಾಳಪ್ಪ ಪೆನ್ನಿಗೆ ಟೋಪಿ ಹಾಕಿದ. ಇದನ್ನು ಬರೆದರೆ ಹುಡುಗ ಹೋದಂತೆಯೇ, ವಯಸ್ಸು ಮೀರುವುದರಿಂದ ಮುಂದಿನ ವರ್ಷ ಮತ್ತೊಂದು ಸಲ ಎಂಬುದೂ ಇಲ್ಲ ಎಂದು ತಿಳಿಸಿ ಹೇಳಿದ. ಅದಲ್ಲದೆ ಕೂಸುಗಳಿಗೆ ಲಗ್ನ ಮಾಡಿದ್ದು ನಿಜವಾದರೆ ಅದೇ ಬೇರೆ ಕೇಸು ಆಗುತ್ತದೆ, ಈ ವಯಸ್ಸಿನಲ್ಲಿ ಆಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುವ ಹಣೆಬರಹ ತನಗೆ ಬೇಡ ಎಂದ. ನಾಳೆ ಹನ್ನೊಂದಕ್ಕೆ ಠಾಣೆಗೆ ಬಂದು ಏನಿದ್ದರೂ ಬರೆದು ಸಹಿ ಮಾಡಿ ಕೊಡಿ, ಅಲ್ಲಿಯವರೆಗೆ ಹಾಳೆ ಹಾಗೇ ಇರುತ್ತದೆ ಎಂದು ಎದ್ದು ಹೋದ. ಬಸಿಯಲ್ಲಿನ ಚಹಾ ಆರಿತ್ತು.

ಪರಸವ್ವ ಸುಳ್ಳು ಹೇಳಿದ್ದಳೇ? ಪೂರಾ ಸುಳ್ಳೂ ಅಲ್ಲ. ಮಾಲಾಳ ಹೆಸರಿಡುವ ದಿನ ಸೋದರತ್ತೆಯಾಗಿ ಕುಂಚಿಗೆ, ಬಳೆ ತೆಗೆದುಕೊಂಡು ಹೋಗಿದ್ದವಳು ಇವಳೇ. ಕೂಸಿಗೆ ಕರಿಮಣಿಯ ದಾರ ಕಟ್ಟುವಾಗ, ಎರಡು ವರ್ಷದ ಕುನಾಲನ ಕೈಯನ್ನು ಅದಕ್ಕೆ ಮುಟ್ಟಿಸಿ, ಇವಳು ನಮ್ಮ ಮನೆಯವಳು ಎಂದು ಹೆಂಗಸರೆಲ್ಲ ನಕ್ಕು ಸಕ್ಕರೆ ಹಂಚಿದ್ದರು. ಅಷ್ಟೇ. ಲಗ್ನ ಮಾಡಿಸುವ ಬೌದ್ಧ ಭಿಕ್ಷು ಬಂತೇಜಿ ಬಂದಿರಲಿಲ್ಲ, ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳಿರಲಿಲ್ಲ, ಯಾರೂ ಅದನ್ನು ಲಗ್ನ ಎಂದು ಎಣಿಸಿರಲಿಲ್ಲ. ಹದಿನೆಂಟು ವರ್ಷ ಮರೆತೇ ಹೋಗಿದ್ದ ಆ ಮಾತು ಈಗ ತಾನಾಗಿ ಬಾಯಿಗೆ ಬಂದಿತ್ತು.

ಬಂದದ್ದು ಹೆದರಿಕೆಯಿಂದ. ಕುನಾಲ ಹುಟ್ಟುವಾಗಲೇ ಅವಳ ಗರ್ಭಚೀಲ ತೆಗೆಯಬೇಕಾಗಿ ಬಂದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅತ್ತೆ ಹೇಳಿದ್ದಳು, ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಎಂದು. ಆಮೇಲೆ ಹಬ್ಬಕ್ಕೊಮ್ಮೆ, ಮುನಿಸಿಗೊಮ್ಮೆ, ಯಾರ ಮನೆಯಲ್ಲಾದರೂ ಎರಡನೆಯ ಕೂಸು ಹುಟ್ಟಿದಾಗೊಮ್ಮೆ ಅದೇ ಮಾತು... ಶಾಲೆಯ ಬಿಸಿಯೂಟದ ಒಲೆಯ ಮುಂದೆ ಮುನ್ನೂರು ಮಕ್ಕಳ ಅನ್ನ ಬಸಿಯುವಾಗಲೂ ಅದು ಕಿವಿಯಲ್ಲಿ ಇರುತ್ತಿತ್ತು. ಹೋದ ವರ್ಷ ಬಬಲೇಶ್ವರದ ಕ್ರಾಸಿನಲ್ಲಿ ಬಸ್ಸಿಗೆ ನಿಂತಾಗ, ಹೂವು ಹೊದಿಸಿದ ಸೈನ್ಯದ ಗಾಡಿಯೊಂದು ಎದುರಿಗೆ ನಿಧಾನವಾಗಿ ಹಾದುಹೋಯಿತು. ಹಿಂದಿನ ಜೀಪಿನಿಂದ ಆ ಯೋಧನ ತಾಯಿಯನ್ನು ಇಳಿಸಿದರು. ಅತ್ತ ಒಬ್ಬ ಮಗ, ಇತ್ತ ಒಬ್ಬ ಮಗ, ಎರಡೂ ರಟ್ಟೆ ಹಿಡಿದಿದ್ದರು. ಎಲ್ಲರೂ ಗಾಡಿ ನೋಡುತ್ತಿದ್ದರೆ ಪರಸವ್ವ ಆ ನಾಲ್ಕು ಕೈಗಳನ್ನು ನೋಡುತ್ತಿದ್ದಳು. ನನ್ನನ್ನು ಯಾರು ಹಿಡಿಯುತ್ತಾರೆ? ಆ ಪ್ರಶ್ನೆಯನ್ನು ಅವಳು ಗಂಡನಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಮಗ ಬೆಳಗಿನ ನಾಲ್ಕಕ್ಕೆ ಎದ್ದು ಕನಮಡಿ ರಸ್ತೆಯಲ್ಲಿ ಓಡಲು ಹೋಗುವಾಗ, ನೆನೆಸಿದ ಕಡಲೆಯ ಬಟ್ಟಲನ್ನು ಮುಂದಿಟ್ಟು ಸುಮ್ಮನಿರುತ್ತಿದ್ದಳು. ಓಟದಲ್ಲಿ ಸೋಲುತ್ತಾನೆ ಎಂದುಕೊಂಡಿದ್ದಳು. ಸೋಲಲಿಲ್ಲ. ಪರೀಕ್ಷೆಯಲ್ಲಿ ನಪಾಸಾಗುತ್ತಾನೆ ಎಂದುಕೊಂಡಳು. ಪಾಸಾದ.

ಆ ಸಂಜೆ ಅತ್ತೆ ಒಲೆ ಹೊತ್ತಿಸಿ ಚಹಾ ಮಾಡಿ ಸೊಸೆಯ ಕೈಗೆ ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮೊಮ್ಮಗ ಮನೆಯಲ್ಲಿ ಉಳಿದರೆ ಸಾಕು, ಜೈಲಿಗೆ ಹಾಕಿದರೂ ಹಾಕಲಿ, ಅಲ್ಲಿಯೂ ಎರಡು ಹೊತ್ತು ರೊಟ್ಟಿ ಕೊಡುತ್ತಾರಂತೆ ಎಂದಳು. ಪರಸವ್ವನಿಗೆ ನಗೆಯೂ ಬಂತು, ಅಳುವೂ ಬಂತು.

ಬಸ್ ಡ್ರೈವರ್ ಆಗಿದ್ದ ಗಂಡ ಶಾಂತಪ್ಪ ಡ್ಯೂಟಿ ಮುಗಿಸಿ ಬಂದಾಗ ಸುದ್ದಿ ಓಣಿಯಲ್ಲೇ ಸಿಕ್ಕಿತ್ತು. ಕೂಗಾಡುವ ಮನುಷ್ಯನಲ್ಲ. ಆ ದಿನ ಕೂಗಾಡಿದ. ಹುಡುಗ ಮೂರು ವರ್ಷ ಓಡಿದ್ದನ್ನು ನೀವಿಬ್ಬರೂ ಒಂದು ಕಪ್ ಚಹಾದೊಳಗೆ ಕಲಸಿ ಕುಡಿದಿರಿ ಎಂದ. ಅದು ಲಗ್ನವೇ ಅಲ್ಲ ಎಂದು ಹೇಳಿಸಲು ಕನಮಡಿಯ ಭಾವಮೈದುನನಿಗೆ ಫೋನು ಹಚ್ಚಿದರೆ ಅದು ಇನ್ನೊಂದು ದಿಕ್ಕಿಗೆ ತಿರುಗಿತು. ಪರಸವ್ವನ ಅಣ್ಣನಿಗೆ ಖುಷಿಯೋ ಖುಷಿ. ತಂಗಿ ಮಾತಿಗೆ ತಪ್ಪಲಿಲ್ಲ, ಹಂಗಿದ್ದ ಮೇಲೆ ಮಗಳಿಗೆ ಇನ್ನು ನರ್ಸಿಂಗ್ ಯಾಕೆ, ಕಾಲೇಜು ಬಿಡಿಸುತ್ತೇನೆ, ನಾಳೆ ಸಾಕ್ಷಿಗೆ ತಾನೇ ಬರುತ್ತೇನೆ ಎಂದು ಫೋನಿಟ್ಟ.

ಕುನಾಲ ಪ್ರಮಾಣಪತ್ರಗಳ ಝೆರಾಕ್ಸ್ ಮಾಡಿಸಿಕೊಂಡು ವಿಜಯಪುರದಿಂದ ಬಂದ. ಅಪ್ಪ ಹೇಳಿದ್ದನ್ನೆಲ್ಲ ನಿಂತೇ ಕೇಳಿದ. ಹಾಳೆಗಳನ್ನು ಟಿವಿಯ ಮೇಲಿಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ತಾಯಿಯ ಎದುರಿಗೆ ಕೂತ.

"ಯವ್ವಾ, ನೀ ಬ್ಯಾಡ ಅಂದ್ರ ನಾ ಹೋಗಂಗಿಲ್ಲ. ಆದ್ರ ಬ್ಯಾಡ ಅಂತ ನನಗ ಹೇಳಬೇಕಿತ್ತು. ಪೊಲೀಸರಿಗಲ್ಲ."

ಅವಳು ಹಿಟ್ಟು ನಾದುತ್ತಲೇ ಇದ್ದಳು.

"ಈಗರ ಹೇಳು."

ಅವಳು ಹಿಟ್ಟಿಗೆ ಇನ್ನಷ್ಟು ನೀರು ಹಾಕಿದಳು. ಹೇಳಿದರೆ ಅವನು ನಿಜವಾಗಿಯೂ ಉಳಿದುಬಿಡುತ್ತಾನೆ ಎಂಬುದು ಅವನ ಕಣ್ಣಲ್ಲೇ ಇತ್ತು. ಉಳಿದವನು ಎಂಥವನಾಗಿ ಉಳಿಯುತ್ತಾನೆ... ಅದೂ ಇತ್ತು. ಆ ರಾತ್ರಿ ರೊಟ್ಟಿಗಳು ಬುಟ್ಟಿಯಲ್ಲೇ ಉಳಿದವು.

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಮಾಲಾ ಬಂದಿಳಿದಳು. ವಿಜಯಪುರದ ಜಲನಗರದ ಹತ್ತಿರ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದ ಹುಡುಗಿ. ಸಾಮಾನು ಕಟ್ಟಿಕೋ ಎಂದು ರಾತ್ರಿಯೇ ಅಪ್ಪನ ಫೋನು ಹೋಗಿತ್ತು. ಕಣ್ಣು ಕೆಂಪಾಗಿದ್ದರೂ ಮಾತು ಗಟ್ಟಿಯಿತ್ತು. ಕುನಾಲ ಹೊರಗೆ ಎದ್ದು ಹೋದ. ಅವಳು ಸೋದರತ್ತೆಯ ಪಕ್ಕದಲ್ಲಿ ಕೂತು, ಬುಟ್ಟಿಯಿಂದ ನಿನ್ನೆಯ ರೊಟ್ಟಿ ತಾನೇ ತೆಗೆದುಕೊಂಡು ಮುರಿದಳು.

"ಅತ್ತಿ, ನನ್ನ ಗಂಡ ಆ ದಿನ ನನ್ನ ಬೆರಳು ಕಚ್ಚಿದ್ನಂತ, ಹೌದೇನು? ಅವ್ವ ಹೇಳತಿದ್ಲು. ಪೊಲೀಸರಿಗೆ ಅದನ್ನೂ ಬರಸ್ರಿ. ಲಗ್ನ ಆದ ದಿನಾನ ಜಗಳಾ ಅಂತ."

ಚಂದ್ರಾಬಾಯಿ ಕೂಡ ಸೆರಗು ಬಾಯಿಗೆ ಇಟ್ಟುಕೊಂಡಳು. ಹುಡುಗಿಗೆ ಮಾತ್ರ ನಗು ನಿಲ್ಲಲಿಲ್ಲ, ಉಕ್ಕಿ ಅಳುವಾಯಿತು.

"ನಿನಗ ಅವ ಒಬ್ಬಾವ ಮಗ, ಖರೆ. ನಮ್ಮಪ್ಪಗ ನಾನೂ ಒಬ್ಬಾಕಿನ ಅದೀನಿ ಅತ್ತಿ. ನಿನ್ನ ಮಗನ್ನ ಉಳಿಸ್ಕೊಳ್ಳಾಕ ನನ್ನ ಬರದು ಕೊಡ್ತೀಯೇನು? ನನ್ನ ಒಂದು ಮಾತು ಕೇಳಿದ್ಯೇನು?"

ಪರಸವ್ವ ಸೊಸೆಯಾಗಬೇಕಾದ ಹುಡುಗಿಯನ್ನು ನೋಡಲಿಲ್ಲ, ಅಣ್ಣನ ಮಗಳನ್ನು ನೋಡಿದಳು. ಈಕೆಯ ತಲೆಗೆ ಮೊದಲ ಎಣ್ಣೆ ಒತ್ತಿದವಳು ತಾನು. ಕಾಲೇಜಿಗೆ ಸೇರಿದ ದಿನ ಈಕೆ ಬಿಳಿ ಬಟ್ಟೆಯ ಫೋಟೋವನ್ನು ಮೊದಲು ತನ್ನ ಫೋನಿಗೇ ಕಳಿಸಿದ್ದಳು. ತನ್ನನ್ನು ಯಾರು ಹಿಡಿಯುತ್ತಾರೆ ಎಂದು ಒಂದು ವರ್ಷ ಅತ್ತವಳು, ಈ ಹುಡುಗಿಯ ರಟ್ಟೆ ಹಿಡಿದು ಎಲ್ಲಿಗೆ ತಳ್ಳುತ್ತಿದ್ದೇನೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ... ಅವಳು ಎದ್ದು ಮುಖ ತೊಳೆದುಕೊಂಡಳು. ಶಾಲೆಯಲ್ಲಿ ತನ್ನ ಜೊತೆ ಅಡುಗೆ ಮಾಡುವ ಜಾಹೀದಾಳಿಗೆ ಫೋನು ಮಾಡಿ, ಇವತ್ತು ಸಾರು ನೀನೇ ನೋಡಿಕೋ ಎಂದಳು. ಚಪ್ಪಲಿ ಮೆಟ್ಟುವಾಗ ಅತ್ತೆ ಅಡ್ಡ ನಿಂತಳು.

"ಎಲ್ಲಿಗಿ ಹೊಂಟಿ? ಆಡಿದ ಮಾತು ತಿರಗಿ ನುಂಗಾಕೇನು?"

"ಹೌದ್ರಿ ಅತ್ತಿ. ನೀವೂ ನುಂಗಬೇಕು. ಬರ್ರಿ."

ಮುದುಕಿ ಬಾಗಿಲು ಹಿಡಿದುಕೊಂಡಳು. ಒಬ್ಬ ಮಗ ಮಗನಲ್ಲ ಅಂತ ಆಡಿದ್ದು ಈ ನಾಲಿಗೆ, ಅದು ತಾಗಿ ಅವನಿಗೇನಾದರೂ ಆದರೆ ತಾನು ಹೇಗೆ ಬದುಕಲಿ ಎಂದು ಮೊದಲ ಸಲ ಬಾಯಿಬಿಟ್ಟು ಅತ್ತಳು. ಪರಸವ್ವ ಕೈ ಚಾಚಿದಳು. ಚಂದ್ರಾಬಾಯಿ ಆ ಕೈ ಹಿಡಿದೇ ಮೆಟ್ಟಿಲಿಳಿದಳು. ಮಾಲಾ ಬ್ಯಾಗು ಹಿಡಿದು ಹಿಂದೆ ಬಂದಳು.

ಠಾಣೆಯಲ್ಲಿ ಅಣ್ಣ ಆಗಲೇ ಬಂದು ಬಿಳಿ ಅಂಗಿಯಲ್ಲಿ ಬೀಗನಂತೆ ನಿಂತಿದ್ದ. ಪರಸವ್ವ ಅವನ ಕಾಲು ಮುಟ್ಟಿದಳು. ತಪ್ಪು ತನ್ನದು, ಲಗ್ನ ಆಗಿಲ್ಲ, ಮಾಲಾ ಓದಲಿ, ನಾಳೆ ಆಕೆಯ ಮನಸ್ಸಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದಳು. ಎಲ್ಲರ ಮುಂದೆ ಅಣ್ಣ ತಂಗಿಗೆ ಬಾಯಿಗೆ ಬಂದಂತೆ ಅಂದ. ಅವಳು ಅನ್ನಿಸಿಕೊಂಡಳು. ಕೊನೆಗೆ ಅವನ ಸಿಟ್ಟು ಇಳಿದದ್ದು ಇವಳ ಮಾತಿಗಲ್ಲ, ಮಗಳು ಬ್ಯಾಗು ಹೆಗಲಿಗೇರಿಸಿ, ಹನ್ನೆರಡಕ್ಕೆ ಪ್ರಾಕ್ಟಿಕಲ್ ಇದೆ ಅಪ್ಪಾ, ಬಸ್ ನಿಲ್ದಾಣದ ತನಕ ಬಿಡುತ್ತೀಯೋ ಇಲ್ಲವೋ ಎಂದದ್ದಕ್ಕೆ.

ಗೊಲ್ಲಾಳಪ್ಪ ಹೇಳಿಕೆ ಬರೆದು ಓದಿ ಹೇಳಿದ. ಕುನಾಲನಿಗೆ ಮದುವೆಯಾಗಿಲ್ಲ, ತೊಟ್ಟಿಲ ಪಕ್ಕದಲ್ಲಿ ಆದದ್ದು ಹೆಂಗಸರ ನಗೆಚಾಟಿಕೆ, ನಿನ್ನೆ ತಪ್ಪಾಗಿ ತಿಳಿಸಿದ್ದೆ. ಚಂದ್ರಾಬಾಯಿ ಹೆಬ್ಬೆಟ್ಟು ಒತ್ತಿದಳು. ಪರಸವ್ವ ಪೆನ್ನು ಹಿಡಿದು ತಡೆದಳು.

"ಸಾಹೇಬ್ರ, ಇವ ನಮಗ ಒಬ್ಬಾವ ಮಗ ಅಂತ ಬರೀಲಿಲ್ಲಲ್ರಿ."

"ಅದಕ್ಕ ಇದರಾಗ ಕಾಲಂ ಇಲ್ಲ ಯವ್ವಾ."

"ಇರಲಿಕ್ಕಿಲ್ಲ ಬಿಡ್ರಿ. ಕೆಳಗ ಜಾಗಾ ಐತಲ್ಲ, ಬರೀರಿ. ಯಾರರ ಓದಲಿ, ಬಿಡ್ಲಿ."

ಅವನು ಮೇಲಧಿಕಾರಿಯ ಕೋಣೆಯ ಕಡೆಗೊಮ್ಮೆ ನೋಡಿ, ಕೆಳಗಿನ ಖಾಲಿ ಜಾಗದಲ್ಲಿ ಒಂದು ಸಾಲು ಬರೆದ. ಅವಳು ಅದರ ಕೆಳಗೆ ಸಹಿ ಮಾಡಿದಳು.

ಹೊರಗೆ ಬೇವಿನ ನೆರಳಿನಲ್ಲಿ ಶಾಂತಪ್ಪನ ಪಕ್ಕ ಕುನಾಲ ಝೆರಾಕ್ಸ್ ಹಾಳೆಗಳನ್ನು ಹಿಡಿದು ನಿಂತಿದ್ದ. ಪರಸವ್ವ ನೇರ ಅವನ ಬಳಿಗೆ ಹೋದಳು. ಎತ್ತರದ ಹುಡುಗ, ಅವನ ಮುಖ ಕಾಣಬೇಕಾದರೆ ತಲೆ ಎತ್ತಬೇಕು.

"ನಿನ್ನೆ ಕೇಳಿದ್ಯಲ್ಲ. ಈಗ ಹೇಳತೇನಿ ಕೇಳು. ಬ್ಯಾಡಪಾ... ಹೋಗಬ್ಯಾಡ. ನನಗ ಭಾಳ ಅಂಜಿಕಿ ಆಕ್ಕೇತಿ."

ಅವನ ಕೈಯ ಹಾಳೆಗಳು ಬಾಗಿದವು. ಮಗ ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅವಳು ಅವನ ಎದೆಯ ಮೇಲೆ ಅಂಗೈ ಇಟ್ಟು ತಡೆದಳು.

"ಹೇಳಿದ್ನಿಲ್ಲ? ಹೇಳಬೇಕಿತ್ತು, ಹೇಳಿದೆ. ಇನ್ನ ನಡಿ ಒಳಗ, ಕಾಗದಾ ಕೊಟ್ಟು ಬಾ. ಸಾಹೇಬ್ರು ಊಟಕ್ಕ ಎದ್ದರ ಮತ್ತ ಸಂಜಿತನಕಾ ಕುಂಡರಬೇಕಾಕ್ಕೇತಿ."