ತಾನೇ ತೆರೆದ ಪೆನ್‌ಡ್ರೈವ್

ತೆಲಂಗಾಣ ರಾಜ್ಯವಾದ ಮರುವರ್ಷ, ಮಕ್ತಲ್‌ನ ನನ್ನ ಫೋಟೋ ಅಂಗಡಿಯಲ್ಲಿ ನಡೆದದ್ದು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಚಿಕ್ಕದೊಂದು ಕಾರ್ಯವ್ಯವಸ್ಥೆ ಹಾಕಿ, ಪೆನ್‌ಡ್ರೈವ್ ಚುಚ್ಚಿದೊಡನೆ ತಾನೇ ತೆರೆದುಕೊಳ್ಳುವಂತೆ ಮಾಡಿದ್ದೆ. ದಾಮರಗಿದ್ದದ ಕುರುಮಮ್ಮ ವಾರಕ್ಕೊಮ್ಮೆ ತನ್ನ ಪೆನ್‌ಡ್ರೈವ್ ತಂದು, ಅದರಲ್ಲಿದ್ದ, ಪುಣೆಗೆ ಕೂಲಿಗೆ ಹೋಗಿ ತೀರಿಕೊಂಡ ಗಂಡನ ದನಿ ಕೇಳಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ಪೆನ್‌ಡ್ರೈವನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿಯುವಾಗ ಅದರದೇ ಫೋಲ್ಡರ್ ಪರದೆಯ ಮೇಲೆ ಮತ್ತೆ ತೆರೆಯಿತು. ಚುಚ್ಚುವ ಜಾಗ ಖಾಲಿಯಿತ್ತು. ಮುಟ್ಟಿದರೆ ಬಾವಿನೀರಿನಂತೆ ತಣ್ಣಗಿತ್ತು. ಸ್ಪೀಕರಿನಿಂದ ಗಂಡಸಿನ ದನಿ ಬಂತು: “ಕುರುಮೀ, ಉಂಡೀಯೇನು?”

ಆಕೆ ತಿರುಗಿ ಬಂದು ಸ್ಟೂಲಿನ ಮೇಲೆ ಕೂತಳು.

“ಈ ಮಾತು ಮೊದಲಿಂದ ನಿನ್ನ ಪೆನ್‌ಡ್ರೈವಿನಾಗ ಇತ್ತೇನಮ್ಮ?” ಎಂದೆ.

“ಇಲ್ರಿ. ಇದರಾಗ ಇರೋದು ಅಂವ ಹಾಡಿದ್ದೊಂದೇ.”

ಆಮೇಲೆ ಪರದೆಯ ಕಡೆ ಬಾಗಿ ಮೆಲ್ಲಗೆ ಹೇಳಿದಳು: “ಇನ್ನಾ ಉಂಡಿಲ್ಲ.”

ಆಕೆಯದನ್ನು ತೆಗೆದ ಮೇಲೆ, ಆ ಹೊತ್ತಿಗೆ ಇನ್ನೊಂದು ಡ್ರೈವ್ ಸೇರಿದ್ದು ಕಂಪ್ಯೂಟರಿನ ದಾಖಲೆಯಲ್ಲಿದೆ. ಅದನ್ನು ತೆಗೆದ ದಾಖಲೆ ಇವತ್ತಿಗೂ ಇಲ್ಲ.