‘ತಲುಪಿದೆ’ ಎಂದು ತೋರಿಸಿದ ಆ್ಯಪ್

"ಯಾರ್ರೀ ಈ ಆ್ಯಪ್ ಆರಿಸಿದವರು?"

ಇಚಲಕರಂಜಿಯ ಒಂದು ಶಾಲೆಯ ಸ್ಟಾಫ್‌ರೂಮಿನಲ್ಲಿ ಉಲ್ಕಾ ಚೌಗುಲೆ ತನ್ನ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದಾಗ, ಅವಲಕ್ಕಿ ತಿನ್ನುತ್ತಿದ್ದವರೆಲ್ಲ ಚಮಚ ಕೆಳಗಿಟ್ಟರು. ಉತ್ತರ ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಕಿಟಕಿಯ ಪಕ್ಕ ಕೂತಿದ್ದ ಕಂಪ್ಯೂಟರ್ ಮಾಸ್ತರ ಶ್ರೇಣಿಕ ಮಗ್ದೂಮ್ ಅಳುಕುತ್ತ ಕೈ ಎತ್ತಿದ.

"ನಾನ. ಯಾಕ್ರಿ ಉಲ್ಕಾಬಾಯಿ?"

"ನಿನ್ನೆ ಮಧ್ಯಾಹ್ನ ನನ್ನ ಕ್ಲಾಸಿನ ಪೂರ್ವಾಗ ಜ್ವರ ಬಂತು. ಮೈ ಕೆಂಡದಂಗ ಸುಡ್ತಿತ್ತು. ಅಕಿ ತಾಯಿಗೆ ನಿಮ್ಮ ಆ್ಯಪಿನಾಗ ಮೆಸೇಜ್ ಹಾಕಿದೆ. ಯಾರೂ ಬರಲಿಲ್ಲ. ಫೋನ್ ಮಾಡೋಣಂದ್ರ ನಂಬರ್ ಎಲ್ಲಾ ಆ್ಯಪಿನೊಳಗ ಬಚ್ಚಿಟ್ಟೀರಿ. ಸಂಜೀತನಕ ಕೂಸು ನನ್ನ ತೊಡಿ ಮ್ಯಾಲೆ ಮಲಗಿ ಅಳ್ತಿತ್ತು. ಕಡೀಗೆ ನಾನ ರಿಕ್ಷಾದಾಗ ಡಾಕ್ಟರ್ ಕಡೆ ಒಯ್ದೆ."

ಶ್ರೇಣಿಕ ಅವಳ ಮೊಬೈಲಿನ ಮೇಲೆ ಬಗ್ಗಿ ನೋಡಿದ. "ಆದರ... ತಲುಪಿದೆ ಅಂತ ತೋರಿಸ್ತದಲ್ರಿ."

"ಫೋನಿಗೆ ತಲುಪೇದ! ತಾಯಿಗೆ ತಲುಪಿಲ್ಲ!"

ಅವನ ಕಣ್ಣು ಕನ್ನಡಕದ ಹಿಂದೆ ಕೆಳಗಿಳಿಯಿತು. ಅವನ ರೆಪ್ಪೆಗಳು ಇಷ್ಟು ಉದ್ದವೆಂದು ಉಲ್ಕಾ ಗಮನಿಸಿದ್ದು ಇದೇ ಮೊದಲಲ್ಲ. ಎರಡು ವರ್ಷದಿಂದ ಒಂದೇ ಬೆಂಚಿನಲ್ಲಿ ಚಹಾ ಕುಡಿದವರು ಅವರು. ತನ್ನ ಅವಲಕ್ಕಿಯ ಶೇಂಗಾಗಳನ್ನೆಲ್ಲ ಆರಿಸಿ ಅವಳ ತಟ್ಟೆಗೆ ಹಾಕುವ ಅಭ್ಯಾಸ ಅವನಿಗಿತ್ತು. ಒಂದು ಕ್ಷಣ ಮನಸ್ಸು ಕರಗಿತು. ಕರಗಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ತಟ್ಟೆ ಎತ್ತಿಕೊಂಡು ಬೆಂಚಿನ ಆ ತುದಿಗೆ ಹೋಗಿ ಕೂತಳು.

ಮರುದಿನ ಸಂಸ್ಥೆಯ ಅಧ್ಯಕ್ಷರಾದ ಅಣ್ಣಾಸಾಹೇಬರು ಪೂರ್ವಾಳ ತಾಯಿಯನ್ನು ಶಿಕ್ಷಕರೆಲ್ಲರ ಎದುರು ಆಫೀಸಿಗೆ ಕರೆಸಿದರು. ಛಾಯಾ ಶಿರೋಳೆ ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವವಳು. ಕೆಲಸದಿಂದ ನೇರವಾಗಿ ಓಡಿ ಬಂದಿದ್ದಳು. ತಲೆಗೂದಲ ತುಂಬ ಹತ್ತಿಯ ಎಳೆ.

"ಶಾಲೆ ಇಷ್ಟು ಛಲೋ ಆ್ಯಪ್ ತಂದದ. ನಿಮಗ ತೆಗೆದು ನೋಡಾಕ ಪುರಸೊತ್ತಿಲ್ಲೇನು?"

"ಇಂಗ್ಲಿಷಿನಾಗ ಬರತೈತ್ರಿ ಸಾಹೇಬ್ರ. ನನಗ ಓದಾಕ ಬರಂಗಿಲ್ಲ. ಮಷೀನ್ ಸದ್ದಿನಾಗ ಟಿಣ್ ಅಂದದ್ದೂ ಕೇಳಂಗಿಲ್ಲ."

"ಬರದಿದ್ರ ಕಲೀರಿ! ಇನ್ನೊಮ್ಮೆ ಹಿಂಗಾದ್ರ ಮಗಳನ್ನ ಬ್ಯಾರೆ ಶಾಲೆಗೆ ಹಾಕ್ರಿ."

ಛಾಯಾ ಕೈ ಮುಗಿದಳು. "ತಪ್ಪಾತ್ರಿ."

ಉಲ್ಕಾಳ ಕಿವಿ ಬಿಸಿಯಾಯಿತು. "ಅವರದೇನು ತಪ್ಪು, ಅಣ್ಣಾಸಾಹೇಬ್ರ?" ಎಂದಳು. ಅವರು ಕೇಳಿಸದವರಂತೆ ಫ್ಯಾನು ನೋಡಿದರು. ಉಲ್ಕಾ ಬಾಗಿಲ ಹತ್ತಿರ ನಿಂತಿದ್ದ ಶ್ರೇಣಿಕನ ಕಡೆ ತಿರುಗಿದಳು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ನೆಲ ನೋಡುತ್ತಿದ್ದ.

ವರಾಂಡದಲ್ಲಿ ಅವನು ಹಿಂದೆಯೇ ಬಂದ. "ಬಾಯಿ, ಒಂದ ನಿಮಿಷ..."

"ಮಾತಾಡಬ್ಯಾಡ್ರಿ ನನ್ನ ಕೂಡ! ಆ್ಯಪ್ ತಪ್ಪು ಆರಿಸಿದ್ರಿ, ಅದು ಯಾರಿಗಾದ್ರೂ ಆಗ್ತದ. ಆದರ ನಿಮ್ಮ ತಪ್ಪಿಗೆ ಇನ್ನೊಬ್ಬರು ಕೈ ಮುಗಿದು ನಿಂತಾಗ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರಲ್ಲ, ಅದನ್ನ ನಾ ಮರೀಲಾರೆ." ಕೊನೆಯ ಮಾತಿಗೆ ದನಿ ಒಡೆಯಿತು. ಅವನಿಗೆ ಅದು ಕಾಣಬಾರದೆಂದು ಸರಸರನೆ ನಡೆದುಬಿಟ್ಟಳು.

ಆ ಸಂಜೆ ಮನೆಗೆ ಹೋದವಳೇ ತಾಯಿಗೆ ಹೇಳಿದಳು, "ಆ ಸಾಂಗ್ಲಿಯ ವರನನ್ನ ಕರೀಬೇಕಂತಿದ್ಯಲ್ಲ ಆಯಿ, ಕರಿ."

ಆಯಿ ಭಾಕರಿ ತಟ್ಟುವ ಕೈ ನಿಲ್ಲಿಸಿದಳು. ತಿಂಗಳುಗಟ್ಟಲೆ ‘ನೋಡೋಣ, ನೋಡೋಣ’ ಎಂದು ತಳ್ಳಿದ್ದವಳು ಮಗಳೇ. "ಭಾನುವಾರ ಬರಾಕ ಹೇಳ್ಲೇನು?"

"ಹೇಳು!" ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಯಾರಿಗಾಗಿ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಛಾಯಾ ಗೇಟಿನ ಹತ್ತಿರ ಸಿಕ್ಕಳು. ನಗುತ್ತಿದ್ದಳು. "ಮಗ್ದೂಮ್ ಸರ್ ನಮ್ಮ ಶೆಡ್ಡಿಗೆ ಬಂದಿದ್ರು ಬಾಯಿ! ತಪ್ಪಾತು ಅಂದ್ರು. ಸದ್ದಿಗೆ ನನಗ ಕೇಳಿಸ್ಲೇ ಇಲ್ಲ. ಮತ್ತ ಕೂಗಿದ್ರು. ನಾ ‘ಚಹಾ ಬೇಕೇನ್ರಿ’ ಅಂದೆ! ಪಾಪ, ಇರೋ ಹೆಣ್ಣುಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ ಹ್ವಾದ್ರು, ಶಾಲೆ ಸುದ್ದಿ ನಿಮಗ ಹ್ಯಾಂಗ ಬಂದ್ರ ಛಲೋ ಅಂತ."

ಉಲ್ಕಾಳಿಗೂ ನಗು ಬಂತು. ನುಂಗಿಕೊಂಡಳು. ಕಂಪ್ಯೂಟರ್ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು, "ಮಗ್ಗದ ಸದ್ದಿನಾಗ ಕ್ಷಮಾ ಕೇಳೋದು ಸುಲಭ, ಮಗ್ದೂಮ್ ಸರ್. ಅವರನ್ನ ಬೈದದ್ದು ಆಫೀಸಿನಾಗ, ಎಲ್ಲರ ಮುಂದ."

ಅವನು ತಲೆ ಎತ್ತಿ ಅವಳನ್ನೇ ನೋಡಿದ. ಈ ಸಲ ಕಣ್ಣು ಕೆಳಗಿಳಿಸಲಿಲ್ಲ. "ಖರೆ ಅದ" ಎಂದ, ಅಷ್ಟೇ.

ಶನಿವಾರ ಪಾಲಕರ ಸಭೆ. ಅಣ್ಣಾಸಾಹೇಬರು ಆ್ಯಪನ್ನು ಹೊಗಳಿ ಮುಗಿಸಿ ಚಪ್ಪಾಳೆಗೆ ಕಾಯುತ್ತಿದ್ದರು. ಶ್ರೇಣಿಕ ಮೈಕಿನ ಹತ್ತಿರ ಬಂದ.

"ಈ ಆ್ಯಪ್ ಆರಿಸಿದವ ನಾನು. ಬಣ್ಣ ನೋಡಿದೆ, ಚಾರ್ಟ್ ನೋಡಿದೆ. ನಿಮ್ಮ ಪೈಕಿ ಒಬ್ಬರನ್ನೂ ಕೇಳಲಿಲ್ಲ. ಛಾಯಾತಾಯಿ ಏನೂ ತಪ್ಪು ಮಾಡಿಲ್ಲ. ತಪ್ಪು ನಂದು. ಅವತ್ತ ಸುಮ್ಮನ ನಿಂತದ್ದು ಅದಕ್ಕಿಂತ ದೊಡ್ಡ ತಪ್ಪು."

"ಮಗ್ದೂಮ್, ಕೆಳಗ ಇಳೀರಿ!"

"ಇಳೀತೀನಿ, ಅಣ್ಣಾಸಾಹೇಬ್ರ. ಮೊದಲ ಇವರು ಹೇಳೋದನ್ನ ಕೇಳ್ರಿ."

ಮೈಕು ಕೆಳಗೆ ಪಾಲಕರ ಕೈಗೆ ಬಂತು. ಆಮೇಲೆ ಗದ್ದಲವೋ ಗದ್ದಲ. ಒಬ್ಬಳಿಗೆ ಮರಾಠಿಯಲ್ಲಿ ಮಾತಾಡಿದ ಧ್ವನಿ ಸಂದೇಶ ಬೇಕು, ಚಹಾ ಹೊತ್ತಿಗೆ ಕೇಳುತ್ತಾಳೆ. "ನಮ್ಮ ಮನ್ಯಾಗ ಇರೋದ ಒಂದ ಫೋನು, ಅದೂ ಗಂಡನ ಕಿಸೆದಾಗ!" ಎಂದಳು ಇನ್ನೊಬ್ಬಳು. ಅವಸರವಿದ್ದರೆ ಶೆಡ್ಡಿನ ಮೇಲ್ವಿಚಾರಕ ಮುಕಾದಮನಿಗೆ ಫೋನ್ ಮಾಡಿ, ಅವನು ಬಂದು ಭುಜ ತಟ್ಟುತ್ತಾನೆ ಎಂದಿತು ಹಿಂದಿನ ಸಾಲು.

ಉಲ್ಕಾ ಎದ್ದು ನಿಂತಳು. "ಪಾಲಕರ ನಂಬರ್ ನಮಗ ವಾಪಸ್ ಕೊಡ್ರಿ. ಕೂಸಿಗೆ ಜ್ವರ ಬಂದಾಗ ನಾವು ಯಾರ ಅಪ್ಪಣೆನೂ ಕಾಯಂಗಿಲ್ಲ!"

ಸಭೆಗೆ ಸಭೆಯೇ ಹೋ ಎಂದಿತು. ಅಣ್ಣಾಸಾಹೇಬರು ಬೆವರು ಒರೆಸಿಕೊಂಡು, ಆಗಲಿ, ಇವರು ಹೇಳಿದಂತೆಯೇ ಮಾಡಿ ಎಂದು ಗೊಣಗಿದರು. ಹೋಗುವಾಗ ಶ್ರೇಣಿಕನನ್ನು ಆ್ಯಪ್ ನೋಡಿಕೊಳ್ಳುವ ಸಮಿತಿಯಿಂದ ತೆಗೆದಿದ್ದೇನೆ ಎಂದು ಹೇಳಿಯೇ ಹೋದರು.

ಅವನು ಮೆಟ್ಟಿಲ ಮೇಲೆ ಕೂತಿದ್ದ. ಉಲ್ಕಾ ಧುಮುಗುಡುತ್ತ ಬಂದಳು.

"ನಿಮ್ಮನ್ನ ತೆಗೀತಾರಂತ? ಎಷ್ಟು ಸೊಕ್ಕು ಅವರಿಗೆ! ಖರೆ ಹೇಳಿದವರು ನೀವೊಬ್ಬರು, ಶಿಕ್ಷೆನೂ ನಿಮಗ!"

ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ನಗಬ್ಯಾಡ್ರಿ. ನಿಮ್ಮ ಮ್ಯಾಲೆ ಇನ್ನೂ ಸಿಟ್ಟದ ನನಗ."

"ಇರಲಿ. ಉಲ್ಕಾ..." ಎಂದಿನಂತೆ ‘ಬಾಯಿ’ ಎನ್ನಲಿಲ್ಲ ಅವನು. "ಎರಡು ವರ್ಷದಿಂದ ಒಂದು ಮಾತು ಹೇಳಬೇಕಂತಿದ್ದೆ. ನೀವಂದ್ರ ನನಗ ಭಾಳ ಇಷ್ಟ. ಎಷ್ಟೋ ಸಲ ಫೋನಿನಾಗ ಬರೆದೆ, ಅಳಿಸಿದೆ."

"ಎರಡು ವರ್ಷ!" ಅವಳ ಕಣ್ಣು ತುಂಬಿ ಬಂತು, ದನಿ ಮಾತ್ರ ಏರಿತು. "ಎರಡು ವರ್ಷ ಏನ್ ಮಾಡಾಕತ್ತಿದ್ರಿ? ನಾಳೆ ಸಾಂಗ್ಲಿಯವರು ನನ್ನ ನೋಡಾಕ ಬರಾಕತ್ಯಾರ. ಇವತ್ತ ಹೇಳ್ತೀರಿ! ನಾ ಕಾಯ್ದದ್ದು ನಿಮಗ ಕಾಣಲಿಲ್ಲೇನು?"

"ಸಾಂಗ್ಲಿಯವರಾ? ಹಂಗಾದ್ರ... ನಾ ಈಗ ಏನ್ ಮಾಡ್ಲಿ?"

"ಏಳ್ರಿ ಮ್ಯಾಲೆ!" ಎಂದಳು, ಕಣ್ಣೊರೆಸಿಕೊಳ್ಳುತ್ತ. "ಈಗಿಂದೀಗ ನಮ್ಮ ಮನೀಗೆ ಬಂದು ಆಯಿ ಎದುರಿಗೆ ಕೂತು ಹೇಳ್ರಿ. ಮೆಸೇಜ್ ಗಿಸೇಜ್ ಹಾಕಿದ್ರ ನೋಡ್ರಿ ಮತ್ತ!"