ವಲ್ಲಿಯ ಕೆಳಗಿನ ಕೈ

ಬಹಳ ಹಿಂದೆ, ರಾಜ್ಯದ ಗಡಿ ಎಲ್ಲಿ ಮುಗಿಯುತ್ತದೆಂದು ದನಗಳನ್ನು ಬಿಟ್ಟರೆ ಇನ್ನಾರಿಗೂ ಸರಿಯಾಗಿ ತಿಳಿಯದಿದ್ದ ಕಾಲದಲ್ಲಿ, ಹೊನ್ನೇರು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಅರಸನಿಗಿಂತ ಎತ್ತಿಗೆ ಮರ್ಯಾದೆ ಹೆಚ್ಚು. ಅರಸನೂ ಅದನ್ನು ಒಪ್ಪಿಕೊಂಡಿದ್ದ. ಒಳ್ಳೆಯವನು.

ಆ ರಾಜ್ಯದ ದನದ ಸಂತೆಯಲ್ಲಿ ಬರಮವ್ವ ಎಂಬ ದಲ್ಲಾಳಿ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹೆಗಲುವಸ್ತ್ರವಾದ ವಲ್ಲಿಯನ್ನು ತಾನು ಹಾಕಿಕೊಂಡು ಸಂತೆಗೆ ಇಳಿದವಳು. ಹೊನ್ನೇರಿನಲ್ಲಿ ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಹರಡಿ, ಅದರ ಕೆಳಗೆ ಇಬ್ಬರೂ ಕೈ ಸೇರಿಸಬೇಕು. ಬೆರಳು ಒತ್ತಿ ಕೇಳಬೇಕು, ಬೆರಳು ಒತ್ತಿ ಒಪ್ಪಬೇಕು, ಬೆರಳು ಮಡಿಸಿ ಬೇಡ ಅನ್ನಬೇಕು. ಸುತ್ತ ನೂರು ಜನ ನಿಂತಿದ್ದರೂ ಸಂಗತಿ ಎರಡು ಕೈಗಳಿಗೆ ಮಾತ್ರ ಗೊತ್ತು. ಬರಮವ್ವ ಬೆರಳನ್ನಷ್ಟೇ ಅಲ್ಲ, ಬೆರಳಿನ ಹಿಂದಿನ ಮನಸ್ಸನ್ನೂ ಓದುತ್ತಿದ್ದಳು. ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ, ಮೈ ಹಾಗೆ ಹೊರಳುವುದಿಲ್ಲ ಎನ್ನುತ್ತಿದ್ದಳು. ಮೈಯ ಮಾತಿನಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ ಎಂಬ ಹಮ್ಮು ಅವಳಿಗಿತ್ತು.

ಒಂದು ಸಲ ಬರಮವ್ವ ತನ್ನ ಮಗಳು ಸೋಮಿಯನ್ನು ಕರೆದುಕೊಂಡು, ನಾಲ್ಕು ಜೊತೆ ಎತ್ತು ಹೊಡೆದುಕೊಂಡು, ಬಡಗಣ ಕಣಿವೆ ದಾಟಲು ಹೊರಟಳು. ಕಣಿವೆಯಲ್ಲಿ ದಾರಿ ಎರಡಾಗಿ ಒಡೆದಿತ್ತು. ಹಳ್ಳದ ಆಚೆ ದಡದಲ್ಲಿ ಒಬ್ಬ ಕುರಿಗಾರ ನಿಂತಿದ್ದ. ನೀರಿನ ಅಬ್ಬರಕ್ಕೆ ಕೂಗು ಮುಟ್ಟುವಂತಿರಲಿಲ್ಲ. ಬರಮವ್ವ ಎಡದಾರಿಯತ್ತ ಕೈ ತೋರಿಸಿ, ಹೋಗಬಹುದೇ ಎಂಬಂತೆ ಹುಬ್ಬು ಹಾರಿಸಿದಳು. ಅವನು ಗದ್ದವನ್ನು ಸರಕ್ಕನೆ ಮೇಲೆತ್ತಿದ. ಹೊನ್ನೇರಿನಲ್ಲಿ ಗದ್ದ ಮೇಲೆತ್ತಿದರೆ 'ಸರಿ, ನಡಿ ಮುಂದೆ' ಎಂದರ್ಥ. ಬರಮವ್ವ ಮಗಳನ್ನು ಎತ್ತುಗಳ ಜೊತೆ ಮುಂದೆ ಕಳಿಸಿ, ತಾನು ಗಂಟು ಬಿಗಿಯುತ್ತಾ ಹಿಂದೆ ಉಳಿದಳು.

ಆ ದಾರಿ ಮೂಕಬೆಟ್ಟಕ್ಕೆ ಹೋಗುತ್ತಿತ್ತು. ಅಲ್ಲಿ ಧೂಮಕೇಶನೆಂಬ ಮಾಯಾವಿ ಮುನ್ನೂರು ವರ್ಷದಿಂದ ಕೂತಿದ್ದ. ಆ ಬೆಟ್ಟದಲ್ಲಿ ತಮ್ಮ ದನಿಯಲ್ಲಿ ಒಂದು ಮಾತಾಡಿದವರು ಯಾರೇ ಆಗಲಿ, ನಿಂತಲ್ಲೇ ಕಲ್ಲಾಗುತ್ತಿದ್ದರು. ದನಿ ಅವನ ಪಾಲಾಗುತ್ತಿತ್ತು. ಸೋಮಿ ಹಿಂದೆ ಬಿದ್ದ ಎತ್ತೊಂದನ್ನು ಕರೆದಳು. ಅಷ್ಟೇ. ಎತ್ತುಗಳು ಮಾತ್ರ ಬೆದರಿ ಹಿಂದಕ್ಕೆ ಓಡಿಬಂದವು.

ಹಳ್ಳ ದಾಟಿ ಬಂದ ಕುರಿಗಾರ ಹಣೆ ಚಚ್ಚಿಕೊಂಡ. ಅವನ ಹೆಸರು ಬೊಂತ. ಹೊನ್ನೇರಿನ ಮಾತು ಅವನಿಗೆ ಅಲ್ಪಸ್ವಲ್ಪ ಬರುತ್ತಿತ್ತು.

"ಬೇಡ ಅಂದೆ, ಅಕ್ಕಾ. ನಮ್ಮಲ್ಲಿ ಗದ್ದ ಎತ್ತಿದರೆ ಬೇಡ ಅಂತ. ನೀನು ಯಾಕೆ ಕಳಿಸಿದೆ?"

ಅವನು ಕೂಗಿ ಹೇಳುವುದಕ್ಕಿಂತ ಸ್ಪಷ್ಟವಾಗಿ ಹೇಳಿದ್ದ. ಬರಮವ್ವ ಅದನ್ನು ತನ್ನೂರಿನ ಕಣ್ಣಿನಿಂದ ಓದಿದ್ದಳು. ಅವಳು ಅಲ್ಲಿ ಅಳಲಿಲ್ಲ. ಎತ್ತುಗಳನ್ನು ಬೊಂತನಿಗೆ ಒಪ್ಪಿಸಿ, ಎಡದಾರಿ ಹಿಡಿದಳು. ಬಾಯಿ ಬಿಟ್ಟರೆ ಕಲ್ಲಾಗುತ್ತಾರೆ, ಬೆಟ್ಟದ ಮೇಲೆ ಮೂರು ಬಾಗಿಲುಗಳಿವೆ, ಮೂರನ್ನೂ ಮೂರು ದೇಶದ ಮೃಗಗಳು ಕಾಯುತ್ತವೆ, ಒಂದೊಂದಕ್ಕೂ ಅದರ ದೇಶದ ರೀತಿಯಲ್ಲೇ ಮರ್ಯಾದೆ ಸಲ್ಲಬೇಕು ಎಂದಷ್ಟೇ ಬೊಂತ ಹೇಳಿದ್ದ. ಆ ರೀತಿ ಯಾವುದೆಂದು ತಿಳಿದವರು ಯಾರೂ ಹಿಂದಿರುಗಿರಲಿಲ್ಲ.

ಮೊದಲ ಬಾಗಿಲಲ್ಲಿ ಬಿಳಿ ಹುಲಿ ಮಲಗಿತ್ತು. ಅದರ ಮುಂದೆ ಹದಿನೇಳು ಕಲ್ಲುಮನುಷ್ಯರು. ಸಂತೆಯಲ್ಲಿ ಎತ್ತಿನ ಹಲ್ಲು, ಸುಳಿ ನೋಡುವ ಹಾಗೆ ಬರಮವ್ವ ಒಬ್ಬೊಬ್ಬರನ್ನೂ ನೋಡಿದಳು. ಹದಿನೇಳು ಜನರ ಕಣ್ಣೂ ಹುಲಿಯ ಕಣ್ಣಿನ ಮೇಲೇ ನೆಟ್ಟಿದ್ದವು. ಹುಲಿ ಮೇಲೆರಗಿದಾಗ ಚೀರಿ ಕಲ್ಲಾಗಿದ್ದರು. ಹೊನ್ನೇರಿನಲ್ಲಿ ಕಣ್ಣು ತಪ್ಪಿಸುವವನು ಕಳ್ಳ. ಈ ಹುಲಿಯ ದೇಶದಲ್ಲಿ ಕಣ್ಣು ನೆಡುವವನು ಜಗಳಕ್ಕೆ ಬಂದವನಿರಬೇಕು. ಬರಮವ್ವ ಕಳ್ಳಿಯ ಹಾಗೆ ತಲೆ ತಗ್ಗಿಸಿದಳು. ಹುಲಿ ಬಾಲ ಎಳೆದುಕೊಂಡು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಆನೆಯಷ್ಟು ಎತ್ತರದ ಕೊಕ್ಕರೆ. ಅಲ್ಲಿನ ಕಲ್ಲುಗಳೆಲ್ಲ ಹಿಂದಕ್ಕೆ ವಾಲಿದ್ದವು, ಒಂದು ಕಾಲು ಹಿಂದಿಟ್ಟು. ಹೊನ್ನೇರಿನಲ್ಲಿ ಹೊಸಬರ ನಡುವೆ ಒಂದು ಎತ್ತು ಹಾಯುವಷ್ಟು ಜಾಗ ಬಿಡುವುದು ಮರ್ಯಾದೆ. ಕೊಕ್ಕರೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಅದರ ಉಸಿರಿನ ಮೀನುವಾಸನೆ ಮುಖಕ್ಕೆ ಬಡಿಯಿತು, ಕೊಕ್ಕು ಕೊರಳಿಗೆ ತಾಗಿತು. ಬರಮವ್ವನ ಮೈಯೆಲ್ಲ ಹಿಂದೆ ಸರಿ ಎಂದಿತು. ಅವಳು ಮೈಯ ಮಾತನ್ನು ಜೀವನದಲ್ಲಿ ಮೊದಲ ಸಲ ಮೀರಿ, ಒಂದು ಹೆಜ್ಜೆ ಮುಂದಿಟ್ಟಳು. ಕೊಕ್ಕರೆ ರೆಕ್ಕೆ ಎತ್ತಿ ದಾರಿ ಕೊಟ್ಟಿತು.

ಮೂರನೆಯ ಬಾಗಿಲಲ್ಲಿ ಕರಿಯ ಕಾಡುಕೋಣ. ಅದು ಅವಳನ್ನು ನೋಡಿದ್ದೇ ತಿರುಗಿ ಬೆನ್ನು ತೋರಿಸಿ ನಿಂತಿತು. ಹೊನ್ನೇರಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಇದಕ್ಕಾಗಿ ತಲೆ ಉರುಳಿದ್ದೂ ಉಂಟು. ಪಕ್ಕದಲ್ಲಿ ಹೊನ್ನೇರಿನ ಯುವರಾಜನೇ ಕಲ್ಲಾಗಿ ನಿಂತಿದ್ದ, ಕತ್ತಿ ಅರ್ಧ ಹಿರಿದು, ಬೈಯಲು ಬಾಯಿ ತೆರೆದು. ಬೇಟೆಗೆ ಹೋದವನು ಬರಲಿಲ್ಲವೆಂದು ಅರಮನೆಯಲ್ಲಿ ಮೂರು ವರ್ಷದಿಂದ ದೀಪ ಇಡುತ್ತಿದ್ದರು, ಪಾಪ. ಬರಮವ್ವ ಕೋಣವನ್ನೇ ನೋಡಿದಳು. ಬೆನ್ನು ಬಿಗಿದಿರಲಿಲ್ಲ, ಕಿವಿ ಸಡಿಲವಾಗಿದ್ದವು. ತನಗೆ ಕಾಣದ ಬೆನ್ನನ್ನು ಅದು ಇನ್ನೊಬ್ಬರಿಗೆ ಒಪ್ಪಿಸಿತ್ತು. ಅವಳೂ ತಿರುಗಿ, ಅದರ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಕೋಣ ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ಸರಿಯಿತು.

ನೆತ್ತಿಯ ಬಂಡೆಯ ಮೇಲೆ ಧೂಮಕೇಶ ಕೂತಿದ್ದ. ತಲೆಯಿಂದ ಕೂದಲ ಬದಲು ಹೊಗೆ ಏಳುತ್ತಿತ್ತು. ಅವನ ಪಕ್ಕದಲ್ಲೇ ಸೋಮಿ, ದಾರಿಯಿಂದ ಎತ್ತಿ ತಂದಿಟ್ಟ ಬೂದುಬಣ್ಣದ ಕಲ್ಲು. ಅವನು ಬಾಯಿ ತೆರೆದ. ಹೊರಬಂದದ್ದು ಸೋಮಿಯ ದನಿ.

"ಅವ್ವಾ, ಈ ದಾರಿ ತೋರಿಸಿದ್ದು ನೀನೇ ಅಲ್ವಾ?"

ಮೂರು ಮೃಗಗಳೂ ಮಾಡದ್ದನ್ನು ಆ ಒಂದು ಮಾತು ಮಾಡಿತು. ಹೌದು ಮಗಳೇ ಎಂಬ ಉತ್ತರ ಗಂಟಲಿನವರೆಗೂ ಬಂತು. ಬರಮವ್ವ ತುಟಿ ಕಚ್ಚಿದಳು. ರಕ್ತ ಬಂದರೂ ಬಿಡಲಿಲ್ಲ. ಆಮೇಲೆ ಹೆಗಲಿನ ವಲ್ಲಿ ತೆಗೆದು ಕೈ ಮೇಲೆ ಹರಡಿ, ಅವನ ಮುಂದೆ ಚಾಚಿದಳು.

ಯಾವನೋ ಮುದುಕನ ದನಿಯಲ್ಲಿ ಅವನು ಏನು ಕೊಡುತ್ತೀಯೆಂದು ಕೇಳಿದ. ಅವಳು ಅಲುಗಲಿಲ್ಲ. ಇಷ್ಟು ದೂರ ಯಾರೂ ಬಂದಿರಲಿಲ್ಲವಾದ್ದರಿಂದ ಅವನಿಗೂ ಕುತೂಹಲ. ವಲ್ಲಿಯ ಕೆಳಗೆ ಕೈ ಹಾಕಿದ.

ಬರಮವ್ವ ಐದೂ ಬೆರಳು ಒತ್ತಿದಳು: ನನ್ನಲ್ಲಿರುವುದೆಲ್ಲ ತಗೋ, ಆಯುಷ್ಯ, ದನಿ, ಎಲ್ಲ, ಇವಳನ್ನು ಬಿಡು. ಆ ಕೈ ಬಾವಿಯ ನೀರಿನಂತೆ ತಣ್ಣಗಿತ್ತು. ಅದು ಅವಳ ಕಿರುಬೆರಳನ್ನು ಮೆಲ್ಲಗೆ ಮಡಿಸಿತು.

ಹೊನ್ನೇರಿನ ಲೆಕ್ಕದಲ್ಲಿ ಅದು 'ಬೇಡ'. ಆದರೆ ಈ ಕೈ ಹೊನ್ನೇರಿನದಲ್ಲ. ಹಳೆಯ ಬರಮವ್ವನಾಗಿದ್ದರೆ ವ್ಯಾಪಾರ ಮುರಿಯಿತೆಂದು ಕೈ ಎಳೆದುಕೊಳ್ಳುತ್ತಿದ್ದಳು. ಈಗ ಅವಳು ಅವನ ಕಿರುಬೆರಳನ್ನು ಅಷ್ಟೇ ಮೆಲ್ಲಗೆ ಮಡಿಸಿ, ಕಾದಳು. ಆ ಕೈ ಮತ್ತೆ ಮಡಿಸಿತು. ಅವಳೂ ಮಡಿಸಿದಳು. ಏನು ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳುತ್ತಿದ್ದೇನೆಂಬುದು ಮಾತ್ರ ಗೊತ್ತಿತ್ತು. ಹೊತ್ತು ನೆತ್ತಿಯಿಂದ ಇಳಿಯಿತು. ಸಾವಿರ ದನಿ ಕೂಡಿಟ್ಟವನ ಕೈಯನ್ನು ಮುನ್ನೂರು ವರ್ಷದಲ್ಲಿ ಒಬ್ಬರೂ ಹಿಡಿದಿರಲಿಲ್ಲ. ತಲೆಯ ಹೊಗೆ ತೆಳುವಾಯಿತು. ಅದರ ಕೆಳಗೆ ಒಂದು ಸಾಮಾನ್ಯ ಮುಖ ಕಂಡಿತು, ದಣಿದ ಮುಖ.

ಧೂಮಕೇಶ ಒಂದು ಮಾತು ಆಡಿದ. ಯಾರಿಂದಲೂ ಕದ್ದದ್ದಲ್ಲ. ಅವನದೇ ದನಿ, ತುಕ್ಕು ಹಿಡಿದ ಚಿಲಕದಂಥದ್ದು. ಯಾವ ದೇಶದ ಭಾಷೆಯೋ. ಬೆಟ್ಟದ ಕಟ್ಟಳೆ ಅವನನ್ನೂ ಬಿಡಲಿಲ್ಲ. ಕೂತಲ್ಲೇ ಕಲ್ಲಾದ.

ದನಿಗಳೆಲ್ಲ ಗುಬ್ಬಿಹಿಂಡಿನಂತೆ ಎದ್ದು ತಮ್ಮ ತಮ್ಮ ಕೊರಳಿಗೆ ಮರಳಿದವು. ಬೆಟ್ಟದ ತುಂಬ ಕಲ್ಲುಗಳು ಮೈಮುರಿದವು. ಸೋಮಿ ಕಣ್ಣುಬಿಟ್ಟು ತಾಯಿಯ ಕೈ ಹಿಡಿದಳು.

"ಅವ್ವಾ, ಕೈ ಯಾಕೆ ಇಷ್ಟು ತಣ್ಣಗಿದೆ?"

ಈಗ ಮಾತಾಡಬಹುದಿತ್ತು. ಆದರೆ ಬರಮವ್ವ ಬಂಡೆಯ ಮೇಲೆ ಕೂತು, ಮಗಳನ್ನು ಮಡಿಲಿಗೆಳೆದುಕೊಂಡು, ಕಣಿವೆಯಲ್ಲಿ ಅಳದೆ ಬಿಟ್ಟದ್ದನ್ನೆಲ್ಲ ಅತ್ತಳು.

ಕೆಳಗೆ ಬೇರೆಯದೇ ಗದ್ದಲ. ಹತ್ತು ದೇಶದ ಜನ ಒಬ್ಬರಿಗೊಬ್ಬರು ಸಂತೋಷ ಹೇಳಿಕೊಳ್ಳುತ್ತಿದ್ದರು. ಒಬ್ಬ ಮೂಗಿಗೆ ಮೂಗು ತಾಗಿಸಿದ, ಇನ್ನೊಬ್ಬ ಗಾಬರಿಯಾದ. ಒಬ್ಬಳು ನಾಲಿಗೆ ಚಾಚಿ ನಮಸ್ಕರಿಸಿದಳು, ಯುವರಾಜ ಕತ್ತಿಗೆ ಕೈ ಹಾಕಿ, ಆಮೇಲೆ ಏನೋ ಯೋಚಿಸಿ, ತಾನೂ ನಾಲಿಗೆ ಚಾಚಿದ. ಅವರೆಲ್ಲ ತಮ್ಮ ತಮ್ಮ ಊರು ಸೇರಿ, ಉಂಡು, ಉಟ್ಟು, ಮಕ್ಕಳುಮರಿ ಕಂಡು ಬಾಳಿದರು. ಸೋಮಿ ಬೊಂತನ ದೇಶದ ಸನ್ನೆಗಳನ್ನೂ ಕಲಿತು ದಲ್ಲಾಳಿಯಾದಳು. ಸಂತೆಯಲ್ಲಿ ಅವಳಷ್ಟು ಪ್ರಶ್ನೆ ಕೇಳುವವರು ಯಾರೂ ಇಲ್ಲವೆಂದು ಜನ ಬೇಸರಪಡುತ್ತಿದ್ದರು.

ಮಾಯಾವಿ ಕೊನೆಗೆ ಏನೆಂದನೆಂದು ಅರಸನೇ ಕರೆಸಿ ಕೇಳಿದ. ತನಗೆ ತಿಳಿಯದು ಎಂದಳು ಬರಮವ್ವ. ಆಸ್ಥಾನದ ಪಂಡಿತರು ನಾಲ್ಕು ಅರ್ಥ ಹೇಳಿದರು, ನಾಲ್ಕಕ್ಕೂ ಶಾಲು ಹೊದಿಸಿಕೊಂಡರು. ಅವಳು ಮಾತ್ರ ವರ್ಷಕ್ಕೊಮ್ಮೆ ಬೆಟ್ಟ ಹತ್ತಿ, ಆ ಕಲ್ಲಿನ ಕೈಯನ್ನು ಹಿಡಿದು ಕೂರುತ್ತಿದ್ದಳು. ಒಂದು ವರ್ಷ ಸೋಮಿಯೂ ಜೊತೆಗೆ ಹೋದಳು. ಹೊತ್ತು ಮುಳುಗುತ್ತಾ ಬಂತು.

"ಏನಂತೆ, ಅವ್ವಾ?"

"ಗೊತ್ತಾಗಿಲ್ಲ," ಎಂದಳು ಬರಮವ್ವ. "ನೀನು ಇಳೀತಿರು. ನಾನು ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ."